ಸಹಾಯ ಬೇಕು: ಮನೆಯವರೇ ನಡೆಸುವ ಚಿಕ್ಕ ವೈನರಿ ಗೊತ್ತಿದ್ದರೆ ಹೇಳಿ

ನಮಸ್ಕಾರ. ನಾವು ಮಲ್ಲೇಶ್ವರದವರು. ಬರುವ ಭಾನುವಾರ ನಾನು, ಹೆಂಡತಿ, ಅತ್ತೆ, ಮಾವ ನಂದಿ ಬೆಟ್ಟದ ಕಡೆ ಹೊರಟಿದ್ದೇವೆ. ಬೆಟ್ಟ ಹತ್ತೋಕಲ್ಲ, ದ್ರಾಕ್ಷಿ ತೋಟ ನೋಡೋಕೆ. ದೊಡ್ಡಬಳ್ಳಾಪುರದ ಗ್ರೋವರ್ ಝಂಪಾ ವೈನರಿ ನೋಡಿ ಆಯ್ತು. ಚೆನ್ನಾಗಿದೆ, ಆದರೆ ದೊಡ್ಡದು. ನಮಗೆ ಬೇಕಿರುವುದು ದ್ರಾಕ್ಷಿ ಬೆಳೆದವರೇ ಎದುರು ನಿಂತು, ಯಾವ ಪೀಪಾಯಿಯಲ್ಲಿ ಏನಿದೆ ಅಂತ ಹೇಳುವಂಥ ಜಾಗ.

ಹೋದ ಸಲ ಸುಮ್ನೆ ಫೋನ್ ಮಾಡದೆ ಒಂದು ಕಡೆ ಹೋಗಿ ಪೆಚ್ಚಾದೆವು. ಗೇಟಿಗೆ ಬೀಗ! ಪಕ್ಕದ ತೋಟದವರು ಪಾಪ, ಒಂದು ಗೊಂಚಲು ಬೆಂಗಳೂರು ನೀಲಿ ದ್ರಾಕ್ಷಿ ಕೈಗಿಟ್ಟರು. ಜಿಐ ಟ್ಯಾಗ್ (ಇದು ಇಂಥ ಊರಿನದೇ ಬೆಳೆ ಅನ್ನುವ ಸರ್ಕಾರಿ ಗುರುತು) ಇರುವ ನಮ್ಮೂರ ಹಣ್ಣು ಅದೇ ಅಲ್ವಾ? ದಪ್ಪ ಸಿಪ್ಪೆ, ಒಳಗೆ ಬೀಜ, ತಿಂದ ಮೇಲೆ ನಾಲಿಗೆಯೆಲ್ಲ ನೇರಳೆ. ಮಾವ ಕಾರಿನಲ್ಲೇ ಗೊಂಚಲು ಖಾಲಿ ಮಾಡಿದರು. ಈ ಹಣ್ಣಿನದೇ ವೈನ್ ಮಾಡುವವರು ಸಿಕ್ಕರೆ ಇನ್ನೂ ಖುಷಿ.

ದೇವನಹಳ್ಳಿ, ಚಿಕ್ಕಬಳ್ಳಾಪುರ, ಇಲ್ಲವೇ ಚನ್ನಪಟ್ಟಣದ ಕಡೆಯಾದರೂ ಸರಿ. ಮುಂಚೆಯೇ ಬುಕ್ ಮಾಡಬೇಕಾ? ಭಾನುವಾರ ತೆಗೆದಿರುತ್ತಾರಾ? ಅತ್ತೆ ವೈನ್ ಮುಟ್ಟುವುದಿಲ್ಲ, ಅವರಿಗೆ ದ್ರಾಕ್ಷಿ ಜ್ಯೂಸ್ ಸಿಗುತ್ತಾ? ಕಾರು ಓಡಿಸೋದು ಹೆಂಡತಿ, ಅವಳೂ ಕುಡಿಯಲ್ಲ. ಹೋಗಿ ಬಂದವರು ದಯವಿಟ್ಟು ತಿಳಿಸಿ.