ಅಮ್ಮ ಶುಗರ್ ಮಾತ್ರೆ ಬಿಡುತ್ತೇನೆ ಅನ್ನುತ್ತಿದ್ದಾರೆ. ನಿಮ್ಮ ಮನೆಯಲ್ಲಿ ಹೀಗಾದಾಗ ಏನು ಮಾಡಿದಿರಿ?

ಕೇಳಿದವರು, ದಾವಣಗೆರೆ:
ಅಮ್ಮನಿಗೆ 58 ವರ್ಷ. ಶುಗರ್ ಬಂದು ಬಹಳ ಕಾಲ ಆಯ್ತು, ಮಾತ್ರೆಯಿಂದ ಹಿಡಿತದಲ್ಲಿದೆ. ಈಗ ಹೋಮಿಯೋಪಥಿ ಕ್ಲಿನಿಕ್ ಒಂದರವರು ಆರು ತಿಂಗಳ ಪ್ಯಾಕೇಜ್ ತೋರಿಸಿ, "ಶುಗರ್ ಬೇರು ಸಮೇತ ಹೋಗುತ್ತೆ, ಇಂಗ್ಲಿಷ್ ಮಾತ್ರೆ ಬಿಟ್ಟುಬಿಡಿ" ಎಂದಿದ್ದಾರೆ. ಕರಪತ್ರದಲ್ಲೂ ಹಾಗೇ ಹಾಕಿಸಿದ್ದಾರೆ. ಜಗಳ ಆಗದ ಹಾಗೆ ತಡೆಯೋದು ಹೇಗೆ? ದೂರು ಕೊಡಬಹುದಾ?

ತುಮಕೂರು, ಮೆಡಿಕಲ್ ಶಾಪ್ ನಡೆಸುವವರು:
ತಿಂಗಳು ತಿಂಗಳು ಮೆಟ್‌ಫಾರ್ಮಿನ್ ಎಂಬ ಶುಗರ್ ಮಾತ್ರೆ ಒಯ್ಯುವವರು ಇದ್ದಕ್ಕಿದ್ದಂತೆ ಬರೋದು ನಿಲ್ಲಿಸಿದರೆ ನನಗೆ ಮೊದಲು ಬರುವ ಅನುಮಾನವೇ ಇದು. ಕೆಲವರು ವಾಪಸ್ ಬರುವಾಗ ಕೈಯಲ್ಲಿ ಇನ್ಸುಲಿನ್ ಚೀಟಿ, ಕಾಲಿಗೆ ಬ್ಯಾಂಡೇಜು. ಶುಗರ್ ಏರಿದ್ದು ಮೊದಮೊದಲು ಗೊತ್ತೇ ಆಗುವುದಿಲ್ಲ. "ಮಾತ್ರೆ ಬಿಟ್ಟೆ, ಆರಾಮಾಗಿದ್ದೀನಿ" ಅನ್ನುತ್ತಿರುವಾಗಲೇ ಕಣ್ಣಿಗೆ, ಕಿಡ್ನಿಗೆ ಪೆಟ್ಟು ಬೀಳುತ್ತಿರುತ್ತದೆ.

ಹೋಮಿಯೋಪಥಿ ಬಾಟಲಿಯ ಮೇಲೆ 30 ಎಂದೋ 200 ಎಂದೋ ಇರುತ್ತದಲ್ಲ, ಅದರ ಲೆಕ್ಕ ಹೀಗೆ. ಒಂದು ಪಾಲು ಔಷಧಿಗೆ 99 ಪಾಲು ನೀರು ಅಥವಾ ಸ್ಪಿರಿಟ್ ಹಾಕಿ ಕುಲುಕುತ್ತಾರೆ. ಅದರಲ್ಲಿ ಒಂದು ಪಾಲು ತೆಗೆದು ಮತ್ತೆ 99 ಪಾಲು ಹಾಕುತ್ತಾರೆ. 30 ಎಂದರೆ 30 ಸಲ. 12 ಸಲ ದಾಟುವ ಹೊತ್ತಿಗೇ ಮೂಲ ವಸ್ತುವಿನ ಒಂದು ಅಣು ಉಳಿದಿರುವುದೂ ಅನುಮಾನ. ಕೊನೆಗೆ ಅದನ್ನು ಸಕ್ಕರೆ ಗುಳಿಗೆಗೆ ಹನಿಸುತ್ತಾರೆ. ಶುಗರ್ ಇಳಿಸಲು ಸಕ್ಕರೆ ಗುಳಿಗೆ! ಅಷ್ಟು ಸಕ್ಕರೆಯಿಂದ ಏನೂ ಆಗಲ್ಲ ಬಿಡಿ, ಮಾತ್ರೆ ಬಿಡೋದೇ ಅಪಾಯ. ಆಸ್ಟ್ರೇಲಿಯಾದ ವೈದ್ಯಕೀಯ ಸಂಶೋಧನಾ ಮಂಡಳಿ ಅದುವರೆಗಿನ ಅಧ್ಯಯನಗಳನ್ನು ಜಾಲಾಡಿ, ಹೋಮಿಯೋಪಥಿ ಕೆಲಸ ಮಾಡುತ್ತದೆ ಎಂಬುದಕ್ಕೆ ನಂಬುವಂಥ ಆಧಾರ ಯಾವ ಕಾಯಿಲೆಯಲ್ಲೂ ಇಲ್ಲ ಎಂದು 2015ರಲ್ಲೇ ಹೇಳಿದೆ. ಇಂಗ್ಲೆಂಡಿನ ಸರ್ಕಾರಿ ಆರೋಗ್ಯ ಸೇವೆ 2017ರಲ್ಲಿ ಇದನ್ನು ಬರೆದುಕೊಡಬೇಡಿ ಎಂದು ವೈದ್ಯರಿಗೆ ತಿಳಿಸಿತು.

ಹುಬ್ಬಳ್ಳಿ, ಗೃಹಿಣಿ:
ಇದನ್ನೆಲ್ಲ ಅಮ್ಮನಿಗೆ ಹೇಳಲು ಹೋಗಬೇಡಿ. ನಮ್ಮ ಅತ್ತೆಯ ಮುಂದೆ ಮನೆಯವರು ಇದೇ ಅಣು, ಪಾಲು ಅಂತ ಶುರು ಮಾಡಿದರು. ಅತ್ತೆ ಎದ್ದು ಅಡುಗೆಮನೆಗೆ ಹೋದರು. ಆ ಕ್ಲಿನಿಕ್‌ನಲ್ಲಿ ಅರ್ಧ ತಾಸು ಕೂರಿಸಿ ನಿದ್ದೆ, ಸಿಟ್ಟು, ಕನಸು ಎಲ್ಲ ಕೇಳುತ್ತಾರೆ. ದೊಡ್ಡ ಆಸ್ಪತ್ರೆಯಲ್ಲಿ ಡಾಕ್ಟರು ತಲೆ ಎತ್ತಿಯೂ ನೋಡುವುದಿಲ್ಲ. ಸೆಳೆತ ಎಲ್ಲಿದೆ ಅಂತ ಗೊತ್ತಾಗುತ್ತದಲ್ಲ?

ನಾನು ಇಷ್ಟೇ ಹೇಳಿದೆ: "ಅತ್ತೀ, ಆ ಗುಳಿಗಿ ಬೇಕಾದ್ರ ತಗೋರಿ, ಶುಗರ್ ಗುಳಿಗಿ ಮಾತ್ರ ಬಿಡಬ್ಯಾಡ್ರಿ." ಒಪ್ಪಿದರು. ಜೊತೆಗೆ ಎಚ್‌ಬಿಎ1ಸಿ ಮಾಡಿಸಿದೆವು. ಎರಡು ಮೂರು ತಿಂಗಳ ಶುಗರ್ ಸರಾಸರಿ ಅದರಲ್ಲಿ ಬರುತ್ತದೆ. ಬೆಳಿಗ್ಗೆ ಒಂದು ದಿನ ಉಪವಾಸ ಇದ್ದು ಕಡಿಮೆ ತೋರಿಸುವ ಆಟ ಅದರ ಮುಂದೆ ನಡೆಯಲ್ಲ. ಮಾತ್ರೆ ಇಳಿಸುವ ಮಾತು ಬಂದರೆ ಆ ರಿಪೋರ್ಟ್ ಹಿಡಿದು, ಮಾತ್ರೆ ಬರೆದುಕೊಟ್ಟ ಡಾಕ್ಟರ ಹತ್ತಿರವೇ ಹೋಗಿ.

ಬೆಂಗಳೂರು, ವಕೀಲರು:
ದೂರಿನ ವಿಷಯಕ್ಕೆ ಬರುತ್ತೇನೆ. ಹೋಮಿಯೋಪಥಿ ನಮ್ಮ ದೇಶದಲ್ಲಿ ಕಾನೂನುಬದ್ಧ ಪದ್ಧತಿ, ಅದರ ಮೇಲೇ ದೂರು ಕೊಡಲು ಬರುವುದಿಲ್ಲ. ಹಿಡಿಯಬೇಕಾದದ್ದು ಕರಪತ್ರವನ್ನು. 1954ರ ಡ್ರಗ್ಸ್ ಅಂಡ್ ಮ್ಯಾಜಿಕ್ ರೆಮಿಡೀಸ್ ಕಾಯ್ದೆಯ ಪಟ್ಟಿಯಲ್ಲಿ ಸಕ್ಕರೆ ಕಾಯಿಲೆ, ಕ್ಯಾನ್ಸರ್, ಬಿಪಿ ಎಲ್ಲ ಇವೆ. ಇವನ್ನು ವಾಸಿ ಮಾಡುವ ಔಷಧಿ ಎಂದು ಜಾಹೀರಾತು ಕೊಡುವಂತಿಲ್ಲ. ಅಲೋಪಥಿಯವರಿಗೂ ಇದೇ ಕಾನೂನು.

ಒಂದು ಸೂಕ್ಷ್ಮ ಇದೆ. ನೋಂದಾಯಿತ ವೈದ್ಯರು ತಮ್ಮ ಕ್ಲಿನಿಕ್ ಬಾಗಿಲಲ್ಲಿ "ಇಲ್ಲಿ ಮಧುಮೇಹಕ್ಕೆ ಚಿಕಿತ್ಸೆ" ಎಂದು ಬೋರ್ಡ್ ಹಾಕಿದರೆ ಅದಕ್ಕೆ ವಿನಾಯಿತಿ ಉಂಟು. ಬೀದಿಯಲ್ಲಿ ಹಂಚಿದ ಕರಪತ್ರಕ್ಕೆ ಆ ವಿನಾಯಿತಿ ಇಲ್ಲ. ಹಾಗಾಗಿ ಕರಪತ್ರವನ್ನೇ ಇಟ್ಟುಕೊಳ್ಳಿ, ಎರಡೂ ಬದಿಯ ಫೋಟೋ ತೆಗೆಯಿರಿ. ಪ್ಯಾಕೇಜಿನ ರಸೀದಿ, ವಾಟ್ಸ್‌ಆ್ಯಪ್ ಮೆಸೇಜ್ ಇದ್ದರೆ ಅವೂ ಬೇಕು. ಬಾಯಿಮಾತನ್ನು ಆಮೇಲೆ ಯಾರೂ ಒಪ್ಪುವುದಿಲ್ಲ. ಜಿಲ್ಲಾ ಆಯುಷ್ ಅಧಿಕಾರಿ, ಜಿಲ್ಲಾ ಆರೋಗ್ಯಾಧಿಕಾರಿ ಇಬ್ಬರಿಗೂ ಬರೆದುಕೊಟ್ಟು ಸ್ವೀಕೃತಿ ಪಡೆಯಿರಿ. ಗ್ರಾಹಕ ಸಹಾಯವಾಣಿ 1915ಕ್ಕೂ ಹೇಳಬಹುದು. ದಾರಿತಪ್ಪಿಸುವ ಜಾಹೀರಾತಿಗೆ 2019ರ ಗ್ರಾಹಕ ಕಾಯ್ದೆಯಲ್ಲಿ 10 ಲಕ್ಷ ರೂಪಾಯಿ ತನಕ ದಂಡ ಹಾಕುವ ಅವಕಾಶ ಇದೆ. ನಾಳೆಯೇ ಬೀಗ ಬೀಳುತ್ತದೆ ಅಂದುಕೊಳ್ಳಬೇಡಿ, ಕಡತ ನಿಧಾನವಾಗಿಯೇ ನಡೆಯುತ್ತದೆ. ಆದರೆ ದೂರು ಹೋದ ಮೇಲೆ ಕರಪತ್ರದ ಭಾಷೆ ಬದಲಾಗಿದ್ದನ್ನು ನೋಡಿದ್ದೇನೆ.

ಇನ್ನೊಂದು. ಹೋಮಿಯೋಪಥಿ ಮಾತ್ರ ಓದಿದವರು ಇಂಗ್ಲಿಷ್ ಔಷಧಿ ಕೊಟ್ಟರೆ ಅದು ನಿರ್ಲಕ್ಷ್ಯ ಎಂದು 1996ರಲ್ಲೇ ಪೂನಂ ವರ್ಮಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಕೊಡಲು ಬಾರದ ಔಷಧಿಯನ್ನು ನಿಲ್ಲಿಸಿ ಅಂತ ಹೇಗೆ ಹೇಳುತ್ತಾರೆ, ಕೇಳಿ.

ಶಿವಮೊಗ್ಗ, ನಿವೃತ್ತ ಶಿಕ್ಷಕರು:
ನನಗೆ ಹೋಮಿಯೋಪಥಿ ಮೇಲೆ ನಂಬಿಕೆ ಇದೆ, ಮೊಮ್ಮಗನ ನೆಗಡಿಗೆ ಅದನ್ನೇ ಕೊಡಿಸುತ್ತೇವೆ. ಎಲ್ಲರನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಡಿ. ಆದರೂ ಶುಗರ್ ಮಾತ್ರೆ ಬಿಡಿ ಅಂದವರನ್ನು ನಾನು ಡಾಕ್ಟರ್ ಅನ್ನಲ್ಲ.

ತುಮಕೂರು, ಮೆಡಿಕಲ್ ಶಾಪ್ ನಡೆಸುವವರು:
ಮೇಷ್ಟ್ರೇ, ನೆಗಡಿ ಏನೂ ಕೊಡದಿದ್ದರೂ ವಾರದಲ್ಲಿ ಹೋಗುತ್ತದೆ, ಅಲ್ವಾ? ಶುಗರ್ ಹಾಗಲ್ಲ. ದಾವಣಗೆರೆಯವರೇ, ಪ್ಯಾಕೇಜಿಗೆ ಅಡ್ವಾನ್ಸ್ ಕೊಟ್ಟಾಗಿದೆಯಾ? ಇಲ್ಲದಿದ್ದರೆ ಕೊಡಬೇಡಿ. ಕೊಟ್ಟಿದ್ದರೆ ಇವತ್ತೇ ರಸೀದಿ ಕೇಳಿ ಇಸಿದುಕೊಳ್ಳಿ.