ಕ್ಲಾಸ್ 6.1 (ವಿಷದ ಸರಕು) ಕಂಟೇನರ್ ಬಂದರಲ್ಲಿ ನಿಂತಿದೆ, ಲೇಬಲ್ ಎಲ್ಲ ಇದ್ದರೂ ಒಪ್ಪುತ್ತಿಲ್ಲ

ವಸಂತನರಸಾಪುರ ಡಿಸ್ಪ್ಯಾಚ್
ಇಪ್ಪತ್ತಡಿ ಕಂಟೇನರ್ ಮೂರು ದಿನದಿಂದ ಬಂದರಿನ ಸಿಎಫ್‌ಎಸ್‌ನಲ್ಲಿ (ಕಂಟೇನರಿಗೆ ಸರಕು ತುಂಬಿ ಇಳಿಸೋ ಯಾರ್ಡ್) ಕೂತಿದೆ. ಸರ್ವೇಯರ್ ಬರೆದಿರೋದು ಒಂದೇ ಸಾಲು: ಮಾರ್ಕಿಂಗ್, ಪ್ಲಕಾರ್ಡಿಂಗ್ ಐಎಂಡಿಜಿ ಕೋಡ್ (ಹಡಗಿನಲ್ಲಿ ಅಪಾಯಕಾರಿ ಸರಕು ಸಾಗಿಸೋ ನಿಯಮ) ಪ್ರಕಾರ ಇಲ್ಲ. ಯಾವುದಿಲ್ಲ ಅಂತ ಕೇಳಿದರೆ ಉತ್ತರ ಇಲ್ಲ. ಡ್ರಮ್ಮಿಗೆ ತಲೆಬುರುಡೆ ಲೇಬಲ್ 100 ಮಿ.ಮೀ. ಹಾಕಿದ್ದೀವಿ, ಯುಎನ್ ನಂಬರ್ (ಸರಕು ಗುರುತಿಸೋ ನಾಲ್ಕಂಕಿ) ಇದೆ, ಕಂಟೇನರಿಗೆ 250 ಮಿ.ಮೀ. ಪ್ಲಕಾರ್ಡ್ (ಅದೇ ಲೇಬಲಿನ ದೊಡ್ಡ ರೂಪ) ಇದೆ. ಲೇಬಲ್, ಬಾಗಿಲಿನ ಫೋಟೊ ಹಾಕಿದ್ದೀನಿ. ಭಾನುವಾರ ಹಡಗು. ಏನು ಬಿಟ್ಟಿದ್ದೀವಿ ಹೇಳಿ ಯಾರಾದ್ರೂ.

ಮಾಲೂರು ಇಎಚ್‌ಎಸ್
ಮೀನು ಎಲ್ಲಿ? ಸತ್ತ ಮೀನು, ಒಣ ಮರ ಇರೋ ಮರೈನ್ ಪೊಲ್ಯುಟಂಟ್ (ಸಮುದ್ರ ಮಾಲಿನ್ಯಕಾರಕ) ಗುರುತು. ವಿಷದ ಸರಕಿನಲ್ಲಿ ಎಷ್ಟೋ ಸಲ ಇದೇ ಬಿಟ್ಟುಹೋಗಿರುತ್ತೆ. 5 ಕೆಜಿ ಒಳಗಿನ ಪ್ಯಾಕಿಗಷ್ಟೇ ವಿನಾಯಿತಿ.

ವಸಂತನರಸಾಪುರ ಡಿಸ್ಪ್ಯಾಚ್
ಎಸ್‌ಡಿಎಸ್ (ಸುರಕ್ಷತಾ ಮಾಹಿತಿ ಪತ್ರ) ಸೆಕ್ಷನ್ 14ರಲ್ಲಿ ಮರೈನ್ ಪೊಲ್ಯುಟಂಟ್ ಅಲ್ಲ ಅಂತಲೇ ಇದೆ ಸಾರ್.

ಮಾಲೂರು ಇಎಚ್‌ಎಸ್
ಸೆಕ್ಷನ್ 14 ನಂಬಬೇಡಿ, ಹಳೇ ಎಸ್‌ಡಿಎಸ್‌ನಿಂದ ಎತ್ತಿ ಹಾಕಿರ್ತಾರೆ. ಸೆಕ್ಷನ್ 2, 12 ಬಿಚ್ಚಿ ನೋಡಿ. ಜಲಜೀವಿಗೆ ಹಾನಿ ಅನ್ನೋ ಕೋಡ್‌ಗಳಾದ ಎಚ್400, ಎಚ್410, ಎಚ್411 ಇದರಲ್ಲಿ ಒಂದಿದ್ರೂ ಮೀನು ಬೇಕೇ ಬೇಕು.

ಕೋಲಾರ ಲೇಬಲ್
ಲೇಬಲ್ ಯಾವ ಮೆಟೀರಿಯಲ್? ಪೇಪರ್ ಆದ್ರೆ ಅಲ್ಲೇ ಮುಗೀತು. ಸಮುದ್ರದ ನೀರಲ್ಲಿ ಮೂರು ತಿಂಗಳು ಮುಳುಗಿದ್ರೂ ಗುರುತು ಓದೋಕೆ ಬರಬೇಕು ಅನ್ನೋದು ಕೋಡ್. ಬಿಎಸ್ 5609 (ಸಮುದ್ರ ಸಾಗಣೆ ಲೇಬಲಿನ ಬ್ರಿಟಿಷ್ ಸ್ಟಾಂಡರ್ಡ್) ಪಾಸಾದ ರೋಲ್ ತಗೊಳ್ಳಿ. ಆ ಸ್ಟಾಂಡರ್ಡಿನ ಸೆಕ್ಷನ್ 2 ಬರೀ ಖಾಲಿ ಲೇಬಲ್ ಮತ್ತು ಅಂಟಿಗೆ, ಸೆಕ್ಷನ್ 3 ಮುದ್ರಣಕ್ಕೆ. ಎರಡೂ ಬೇಕು, ಅದೂ ಯಾವ ಪ್ರಿಂಟರ್, ಯಾವ ರಿಬ್ಬನ್‌ಗೆ ಸರ್ಟಿಫಿಕೇಟ್ ಇದೆಯೋ ಅದರಲ್ಲೇ ಪ್ರಿಂಟ್ ಆಗಬೇಕು. ನಮ್ಮ ಲೈನ್‌ನಲ್ಲಿ 300 ಡಿಪಿಐ ಥರ್ಮಲ್ ಟ್ರಾನ್ಸ್‌ಫರ್, ಫುಲ್ ರೆಸಿನ್ ರಿಬ್ಬನ್, ಪಾಲಿಪ್ರೊಪಿಲೀನ್ ರೋಲ್. ಅಸಿಟೋನ್ ಹಾಕಿ ಉಜ್ಜಿದ್ರೂ ಅಕ್ಷರ ಅಲ್ಲಾಡಲ್ಲ.

ಗೌರಿಬಿದನೂರು ಪ್ಯಾಕಿಂಗ್
ಐಎಂಡಿಜಿ ಕೋಡ್ ಕೇಳೋದು ಮೂರು ತಿಂಗಳ ಬಾಳಿಕೆ. ಇಂಥ ಬ್ರಿಟಿಷ್ ಸ್ಟಾಂಡರ್ಡ್ ರೋಲೇ ಬೇಕು ಅಂತ ಅದರಲ್ಲಿಲ್ಲ. ಸರ್ವೇಯರ್ ಸಿಎಫ್‌ಎಸ್‌ನಲ್ಲಿ ನಿಂತು ರಿಬ್ಬನ್ ಪರೀಕ್ಷೆ ಮಾಡಲ್ಲ, ಕಣ್ಣಿಗೆ ಕಂಡದ್ದನ್ನ ಬರೀತಾರೆ.

ಕೋಲಾರ ಲೇಬಲ್
ಇಲ್ಲ ಅಂದ್ರೆ ಮೂರು ತಿಂಗಳು ಹೇಗೆ ತೋರಿಸ್ತೀರಿ? ಡ್ರಮ್ ಸಮುದ್ರಕ್ಕೆ ಹಾಕಿ ಕಾಯ್ತೀರಾ? ಅಕ್ಷರ ಬೇರೆ ಚಿಕ್ಕದಾಗಿ ಕಾಣ್ತಿದೆ. ಯುಎನ್ ನಂಬರ್ 12 ಮಿ.ಮೀ. ಎತ್ತರ ಇರಬೇಕು.

ಗೌರಿಬಿದನೂರು ಪ್ಯಾಕಿಂಗ್
30 ಲೀಟರ್ ಅಥವಾ 30 ಕೆಜಿ ನೆಟ್ ಒಳಗಿದ್ರೆ 6 ಮಿ.ಮೀ. ಸಾಕು. ಡ್ರಮ್ ಎಷ್ಟರದ್ದು ಅಂತಲೇ ಗೊತ್ತಿಲ್ಲದೆ ಇಬ್ಬರೂ ವಾದ ಮಾಡ್ತಿದ್ದೀವಿ.
ಡಿಸ್ಪ್ಯಾಚ್‌ನವರೇ, ಮೊದಲು ಇಷ್ಟು ಬರೀರಿ: ಯುಎನ್ ನಂಬರ್, ಪ್ಯಾಕಿಂಗ್ ಗ್ರೂಪ್ (ಅಪಾಯದ ಮಟ್ಟ, ಪಿಜಿ), ಡ್ರಮ್ ಮೇಲೆ ಅಚ್ಚಾಗಿರೋ ಯುಎನ್ ಕೋಡ್ (ಡ್ರಮ್ಮಿನ ಬಗೆ, ಪರೀಕ್ಷೆಯ ಗುರುತು), ಎಷ್ಟು ಡ್ರಮ್, ಪ್ಯಾಲೆಟ್ ಇದೆಯಾ, ಲೇಬಲ್ ಮೇಲಿರೋ ಪೂರ್ತಿ ಬರಹ, ಮತ್ತು ಕಂಟೇನರಿನ ಎಲ್ಲ ಬದಿಯ ಫೋಟೊ. ಬಾಗಿಲಿನ ಫೋಟೊ ಒಂದೇ ಇಟ್ಕೊಂಡು ಏನೂ ಹೇಳೋಕಾಗಲ್ಲ.

ವಸಂತನರಸಾಪುರ ಡಿಸ್ಪ್ಯಾಚ್
ಯುಎನ್ 2811, ಪಿಜಿ 2. ನೀಲಿ ಎಚ್‌ಡಿಪಿಇ ಡ್ರಮ್ 30 ಲೀಟರ್, ಪೂರ್ತಿ ಬಾಯಿ ತೆರೆಯೋದು, 1ಎಚ್2/ವೈ30/ಎಸ್. ತಲಾ 20 ಕೆಜಿ, 192 ಡ್ರಮ್, 3,840 ಕೆಜಿ. 8 ಪ್ಯಾಲೆಟ್, ಒಂದರ ಮೇಲೆ 24. ಮಳೆ ನೀರು ಬೀಳಬಾರದು ಅಂತ ಕಪ್ಪು ಸ್ಟ್ರೆಚ್ ಫಿಲ್ಮ್ ಸುತ್ತಿ, ಹೊರಗೊಂದು ತಲೆಬುರುಡೆ ಲೇಬಲ್. ಡ್ರಮ್ ಲೇಬಲ್ ಮೇಲೆ ಟಾಕ್ಸಿಕ್ ಸಾಲಿಡ್, ಆರ್ಗ್ಯಾನಿಕ್, ಎನ್‌ಒಎಸ್ (ಪಟ್ಟಿಯಲ್ಲಿ ಪ್ರತ್ಯೇಕ ಹೆಸರಿಲ್ಲದ್ದು), ಪಕ್ಕದಲ್ಲಿ ನಮ್ಮ ಪ್ರಾಡಕ್ಟ್ ಕೋಡ್. ಕೆಮಿಕಲ್ ಹೆಸರು ಹೊರಗೆ ಬರೋದು ಬೇಡ ಅಂತ ಕಸ್ಟಮರ್ ಹೇಳಿದ್ದಾರೆ. ಪ್ಲಕಾರ್ಡ್ ಎರಡು ಪಕ್ಕ, ಹಿಂದೆ ಬಾಗಿಲಿಗೆ ಒಂದು. ಮುಂದೆ ಲಾರಿ ಕ್ಯಾಬಿನ್ ಅಡ್ಡ ಬರುತ್ತೆ, ಹಾಕಿಲ್ಲ.

ಮಾಲೂರು ಇಎಚ್‌ಎಸ್
ಸೆಕ್ಷನ್ 12 ಹೇಳಲೇ ಇಲ್ಲ ನೀವು. ಮೀನಿನ ವಿಷಯ ಮುಗಿದಿಲ್ಲ.

ವಸಂತನರಸಾಪುರ ಡಿಸ್ಪ್ಯಾಚ್
ಎಚ್412 ಇದೆ.

ಗೌರಿಬಿದನೂರು ಪ್ಯಾಕಿಂಗ್
ಎಚ್412 ಅಂದ್ರೆ ಕ್ರಾನಿಕ್ 3. ಅದಕ್ಕೆ ಮೀನಿನ ಗುರುತು ಬರಲ್ಲ. ಅಲ್ಲಿಗೆ ಬಿಡಿ. ತಪ್ಪು ನಾಲ್ಕು ಕಡೆ ಇದೆ, ಒಂದೊಂದಾಗಿ ಹೇಳ್ತೀನಿ.

ಕಂಟೇನರ್ ಮುಂಬದಿ ಖಾಲಿ ಬಿಟ್ಟಿರೋದು ಮೊದಲನೇದು. ಎರಡು ಪಕ್ಕ ಮತ್ತು ಹಿಂದೆ ಅನ್ನೋದು ಲಾರಿಯ ಲೆಕ್ಕ. ಸೆಂಟ್ರಲ್ ಮೋಟಾರ್ ವೆಹಿಕಲ್ಸ್ ರೂಲ್ಸ್ 1989ರ 134ನೇ ನಿಯಮದ ಎಮರ್ಜೆನ್ಸಿ ಇನ್ಫರ್ಮೇಶನ್ ಪ್ಯಾನೆಲ್ ಮೂರು ಕಡೆ ಕೇಳುತ್ತೆ. ಟ್ರಾನ್ಸ್‌ಪೋರ್ಟಿನವರು ಅದೇ ಅಭ್ಯಾಸದಲ್ಲಿ ಪ್ಲಕಾರ್ಡನ್ನೂ ಮೂರೇ ಅಂಟಿಸ್ತಾರೆ. ಹಡಗಿನಲ್ಲಿ ಕ್ಯಾಬಿನ್ ಇರಲ್ಲ, ಪೆಟ್ಟಿಗೆ ಯಾವ ಮುಖ ಹೊರಗೆ ಬರೋ ಹಾಗೆ ಕೂರುತ್ತೋ ಗೊತ್ತಿಲ್ಲ. ಬೆಂಕಿ ಆರಿಸೋಕೆ ಬಂದವನಿಗೆ ಯಾವ ಕಡೆಯಿಂದ ನೋಡಿದ್ರೂ ಕಾಣಬೇಕು. ಅದಕ್ಕೇ ಐಎಂಡಿಜಿಯಲ್ಲಿ ಎರಡು ಪಕ್ಕ, ಎರಡು ತುದಿ, ಒಟ್ಟು ನಾಲ್ಕು.

ಎರಡನೇದು ತೂಕ. 3,840 ನೆಟ್. ಒಂದು ಡ್ರಮ್ ಗ್ರಾಸ್ ಎಷ್ಟು?

ವಸಂತನರಸಾಪುರ ಡಿಸ್ಪ್ಯಾಚ್
22 ಕೆಜಿ. ಖಾಲಿ ಡ್ರಮ್, ಲೈನರ್, ರಿಂಗ್ ಸೇರಿ 2 ಕೆಜಿ ಬರುತ್ತೆ.

ಗೌರಿಬಿದನೂರು ಪ್ಯಾಕಿಂಗ್
192 ಗುಣಿಸು 22, 4,224. ಒಂದೇ ಯುಎನ್ ನಂಬರಿನ ಪ್ಯಾಕ್ ಸರಕು ಗ್ರಾಸ್ 4,000 ಕೆಜಿ ದಾಟಿ, ಕಂಟೇನರಿನಲ್ಲಿ ಬೇರೆ ಅಪಾಯಕಾರಿ ಸರಕು ಇಲ್ಲದಿದ್ರೆ, ಹೊರಗೂ ಯುಎನ್ ನಂಬರ್ ಬೇಕು. ನೀವು ನೆಟ್ ನೋಡಿ ನಾಲ್ಕು ಟನ್ ಒಳಗಿದೆ ಅಂದ್ಕೊಂಡಿದ್ದೀರಿ. ನಾಲ್ಕೂ ಪ್ಲಕಾರ್ಡಿನ ಪಕ್ಕ 120 ಗುಣಿಸು 300 ಮಿ.ಮೀ. ಕಿತ್ತಳೆ ಫಲಕ, ಸುತ್ತ 10 ಮಿ.ಮೀ. ಕಪ್ಪು ಅಂಚು, 2811 ಅಂಕಿ 65 ಮಿ.ಮೀ.ಗೆ ಕಮ್ಮಿ ಇಲ್ಲದಂತೆ. ಫಲಕ ಬೇಡ ಅಂದ್ರೆ ಪ್ಲಕಾರ್ಡ್ ಒಳಗೇ ಚಿತ್ರಕ್ಕೂ ಕೆಳಗಿನ 6ಕ್ಕೂ ನಡುವೆ ಬಿಳಿ ಜಾಗದಲ್ಲಿ ಹಾಕಬಹುದು.

ಮೂರನೇದು ಪ್ರಾಡಕ್ಟ್ ಕೋಡ್. 2811ಕ್ಕೆ ವಿಶೇಷ ನಿಯಮ 274 ಇದೆ. ಹೆಸರಿನ ಮುಂದೆ ಆವರಣದಲ್ಲಿ ಟೆಕ್ನಿಕಲ್ ನೇಮ್ ಬರಬೇಕು, ಅದು ಪುಸ್ತಕದಲ್ಲಿ, ಜರ್ನಲಿನಲ್ಲಿ ಬಳಕೆಯಲ್ಲಿರೋ ರಾಸಾಯನಿಕ ಹೆಸರೇ ಆಗಿರಬೇಕು. ಟ್ರೇಡ್ ನೇಮ್ ಬೇಡ ಅಂತ ಕೋಡ್ ನೇರವಾಗೇ ಹೇಳುತ್ತೆ, ಕಂಪನಿ ಕೋಡ್ ಅಂತೂ ನಡೆಯೋದೇ ಇಲ್ಲ. ಕಸ್ಟಮರ್ ಗುಟ್ಟು ಕಾಪಾಡೋಕೆ ಹೋಗಿ, ಡ್ರಮ್ ಒಡೆದಾಗ ಡಾಕ್ಟರಿಗೆ ಏನು ಹೇಳೋದು? ಅಪಾಯಕಾರಿ ಸರಕಿನ ಡಿಕ್ಲರೇಶನ್‌ನಲ್ಲೂ ಅದೇ ಹೆಸರು ಬರಬೇಕು: ಯುಎನ್ ನಂಬರ್, ಹೆಸರು, ಆವರಣದಲ್ಲಿ ಟೆಕ್ನಿಕಲ್ ನೇಮ್, 6.1, ಪಿಜಿ 2, ಇದೇ ಕ್ರಮ.

ನಾಲ್ಕನೇದು ಕಪ್ಪು ಫಿಲ್ಮ್. ಹಲವು ಡ್ರಮ್ ಒಟ್ಟಿಗೆ ಸುತ್ತಿ ಕಟ್ಟಿದ ಪ್ಯಾಲೆಟ್ ಅಂದ್ರೆ ಓವರ್‌ಪ್ಯಾಕ್, ಅದರಲ್ಲಿ ಒಳಗಿನ ಗುರುತು ಮುಚ್ಚಿಹೋಗಿದೆ. ಹೊರಗೆ ಓವರ್‌ಪ್ಯಾಕ್ ಅನ್ನೋ ಪದ ಕನಿಷ್ಠ 12 ಮಿ.ಮೀ., ಜೊತೆಗೆ ಯುಎನ್ ನಂಬರ್, ಪೂರ್ತಿ ಹೆಸರು, ಲೇಬಲ್. ಬರೀ ತಲೆಬುರುಡೆ ಸಾಲಲ್ಲ.

ಕೋಲಾರ ಲೇಬಲ್
ಲೇಬಲ್ ಫೋಟೊದಲ್ಲಿ ಕೆಂಪು ಅಂಚಿನ ಜಿಎಚ್‌ಎಸ್ (ರಾಸಾಯನಿಕದ ಅಪಾಯ ತೋರಿಸೋ ಜಾಗತಿಕ ಪದ್ಧತಿ) ತಲೆಬುರುಡೆಯೂ ಇದೆ, ಸಾಗಣೆಯ ತಲೆಬುರುಡೆಯೂ ಇದೆ. ಎರಡೂ ಯಾಕೆ?

ಮಾಲೂರು ಇಎಚ್‌ಎಸ್
ಇರಲಿ ಬಿಡಿ, ಜಾಸ್ತಿ ಇದ್ದರೆ ತೊಂದರೆ ಏನು.

ಗೌರಿಬಿದನೂರು ಪ್ಯಾಕಿಂಗ್
ಅದೇ ಅಪಾಯಕ್ಕೆ ಸಾಗಣೆ ಲೇಬಲ್ ಇದ್ದಾಗ ಜಿಎಚ್‌ಎಸ್ ಚಿತ್ರ ಬೇಡ ಅನ್ನೋದು ಜಿಎಚ್‌ಎಸ್‌ನದೇ ಮಾತು. ಆದ್ರೆ ಕಂಟೇನರ್ ನಿಂತಿರೋದು ಅದಕ್ಕಲ್ಲ. ಮುಂದಿನ ಪ್ರಿಂಟಿನಲ್ಲಿ ತೆಗೀರಿ. ಒಂದು ಮಾತ್ರ ನೆನಪಿಟ್ಕೊಳ್ಳಿ: ಬಾಯಿ ಮೂಲಕದ ಎಲ್‌ಡಿ50 (ಪರೀಕ್ಷೆಯ ಅರ್ಧದಷ್ಟು ಪ್ರಾಣಿ ಸಾಯೋ ಪ್ರಮಾಣ) ಕೆಜಿಗೆ 300 ಮಿ.ಗ್ರಾಂ. ದಾಟಿ 2,000 ಒಳಗಿದ್ರೆ ಜಿಎಚ್‌ಎಸ್‌ನಲ್ಲಿ ಆಶ್ಚರ್ಯಸೂಚಕ ಚಿಹ್ನೆ ಬರುತ್ತೆ, ಅಷ್ಟಕ್ಕೇ ಸಾಗಣೆಯಲ್ಲಿ ಅದು 6.1 ಆಗಲ್ಲ. ಅದನ್ನ ನೋಡಿ ತಲೆಬುರುಡೆ ಅಂಟಿಸೋರೂ ಇದ್ದಾರೆ.

ವಸಂತನರಸಾಪುರ ಡಿಸ್ಪ್ಯಾಚ್
ಕಂಟೇನರ್ ವಾಪಸ್ ತರಿಸ್ಬೇಕಾ?

ಗೌರಿಬಿದನೂರು ಪ್ಯಾಕಿಂಗ್
ಬೇಡ, ಸಿಎಫ್‌ಎಸ್‌ನಲ್ಲೇ ಆಗುತ್ತೆ. ಸರಕು ಇಳಿಸೋಕೆ ಅನುಮತಿ ತಗೊಳ್ಳಿ. ಕಪ್ಪು ಫಿಲ್ಮ್ ಕತ್ತರಿಸಿ, 192 ಡ್ರಮ್ಮಿಗೂ ಟೆಕ್ನಿಕಲ್ ನೇಮ್ ಸೇರಿದ ಹೊಸ ಲೇಬಲ್ ಹಳೇದರ ಮೇಲೆ ಪೂರ್ತಿ ಮುಚ್ಚೋ ಹಾಗೆ ಹಾಕಿ. ತುಂಡು ಅಂಟಿಸಬೇಡಿ, ಕಿತ್ತು ಬರುತ್ತೆ. ಮೇಲ್ಮೈ ಒಣ ಬಟ್ಟೆಯಲ್ಲಿ ಒರೆಸಿ, ಧೂಳಿದ್ರೆ ಅಂಟು ಹಿಡಿಯಲ್ಲ. ಡ್ರಮ್ಮಿನ ಮೇಲಿರೋ 1ಎಚ್2 ಅಚ್ಚು ಮುಚ್ಚಿಹೋಗಬಾರದು. ಆಮೇಲೆ ಪಾರದರ್ಶಕ ಫಿಲ್ಮ್ ಸುತ್ತಿ, ಲೇಬಲ್ ಮುಖ ಹೊರಗೆ ತಿರುಗಿಸಿ. ಗುರುತು ಕಂಡ್ರೆ ಓವರ್‌ಪ್ಯಾಕ್ ಅಂತ ಬರೆಯೋ ಅಗತ್ಯವೇ ಇಲ್ಲ. ಕಂಟೇನರ್ ಪ್ಯಾಕಿಂಗ್ ಸರ್ಟಿಫಿಕೇಟ್ ಹೊಸದಾಗಿ ಸಹಿ ಆಗಲಿ, ಯಾಕಂದ್ರೆ ಮತ್ತೆ ತುಂಬಿದ್ದೀರಿ. ಹಿಂದಿನ ಸರಕಿನ ಪ್ಲಕಾರ್ಡ್ ಅಂಟಿದ್ರೆ ಅದನ್ನೂ ಕಿತ್ತುಹಾಕಿ.

ಶಿರಾ ಗೇಟ್
ಮಧ್ಯೆ ಬಂದೆ, ಕ್ಷಮಿಸಿ. ಡ್ರಮ್ ಕೋಡಿನಲ್ಲಿ ಎಸ್ ಅಂತಿದೆ. ಅದು ಘನವಸ್ತುವಿಗಷ್ಟೇ ಪರೀಕ್ಷೆ ಆದದ್ದು. ಸರಕಿನ ಕರಗುವ ಬಿಂದು ಎಷ್ಟು? ಸೆಕ್ಷನ್ 9ರಲ್ಲಿರುತ್ತೆ.

ವಸಂತನರಸಾಪುರ ಡಿಸ್ಪ್ಯಾಚ್
43 ಡಿಗ್ರಿ. ಗೋಡೌನಿನಲ್ಲಿ ಗಟ್ಟಿ ಹರಳಾಗೇ ಇರುತ್ತೆ.

ಶಿರಾ ಗೇಟ್
ಗೋಡೌನಿನ ಮಾತು ಬೇರೆ. ಡೆಕ್ ಮೇಲೆ ಬಿಸಿಲಿಗೆ ಕಾದ ಪೆಟ್ಟಿಗೆಯಲ್ಲಿ 43 ದಾಟಬಹುದು. ದಾರಿಯಲ್ಲಿ ಕರಗಬಹುದಾದ ಘನವಸ್ತುವಿಗೆ ದ್ರವವನ್ನೂ ಹಿಡಿದಿಡೋ ಪ್ಯಾಕಿಂಗ್ ಬೇಕು ಅಂತ ಕೋಡಿನ 4.1 ಅಧ್ಯಾಯ ಹೇಳುತ್ತೆ. ಯುಎನ್ ನಂಬರ್ 2811 ಆಗೇ ಉಳಿಯುತ್ತೆ, ಡ್ರಮ್ ಬದಲಾಗಬೇಕು: ಎಸ್ ಇರೋ ಜಾಗದಲ್ಲಿ ಟೆಸ್ಟ್ ಪ್ರೆಶರ್ ಅಂಕಿ, ವೈ ಮುಂದೆ ಸಾಪೇಕ್ಷ ಸಾಂದ್ರತೆ ಇರೋದು. ಹೊಸ ಲೇಬಲ್ ಪ್ರಿಂಟಿಗೆ ಕೊಡೋ ಮುಂಚೆ ಡ್ರಮ್ ಸಪ್ಲೈಯರ್ ಹತ್ತಿರ ಟೆಸ್ಟ್ ಸರ್ಟಿಫಿಕೇಟ್ ಕೇಳಿ. ಅದೇ ಡಿಸೈನ್ ದ್ರವಕ್ಕೂ ಪಾಸಾಗಿದೆಯಾ?

ಮಾಲೂರು ಇಎಚ್‌ಎಸ್
ರೀಫರ್ (ತಂಪು) ಕಂಟೇನರ್ ಹಾಕಿದ್ರೆ ಆಗಲ್ವಾ?

ಶಿರಾ ಗೇಟ್
ಡಿಸ್ಪ್ಯಾಚ್‌ನವರು ಮೊದಲು ಡ್ರಮ್ ಸರ್ಟಿಫಿಕೇಟ್ ಹಾಕಲಿ.