ಸಹಾಯ ಬೇಕು: ಹೆಲ್‌ಬಾಯ್ ಮೂರನೇ ಸಂಪುಟ ಯಾರ ಹತ್ರ ಇದೆ?

ಎಲ್ರಿಗೂ ನಮಸ್ಕಾರ. ಮೈಸೂರು, ಮಂಡ್ಯ ಕಡೆಯವರು ಯಾರಾದ್ರೂ ಹೆಲ್‌ಬಾಯ್ ಕಾಮಿಕ್ಸ್, ಅದೇ ದೆವ್ವ-ಭೂತಗಳ ಜೊತೆ ಗುದ್ದಾಡೋ ಕೆಂಪು ಮೈಯ ನಾಯಕನ ಅಮೆರಿಕನ್ ಚಿತ್ರಕಥೆ, ಇಟ್ಕೊಂಡಿದ್ದೀರಾ? ನನಗೆ ಬೇಕಿರೋದು ‘ದಿ ಚೈನ್ಡ್ ಕಾಫಿನ್ ಅಂಡ್ ಅದರ್ಸ್’, 1998ರಲ್ಲಿ ಬಂದ ಮೂರನೇ ಸಂಪುಟ. ಹತ್ತು ದಿನಕ್ಕೆ ಕೊಟ್ರೆ ಸಾಕು, ಬೈಂಡ್ ಹಾಕಿ ಜೋಪಾನವಾಗಿ ವಾಪಸ್ ತಂದುಕೊಡ್ತೀನಿ.

ಅದರಲ್ಲಿ ‘ದಿ ಕಾರ್ಪ್ಸ್’ ಅಂತ ಒಂದು ಕಥೆ ಇದೆ. ಐರ್ಲೆಂಡಲ್ಲಿ ಮಾಯಾವಿಗಳು ಕದ್ದೊಯ್ದ ಕೂಸನ್ನ ಬಿಡಿಸ್ಕೊಳ್ಳೋಕೆ ಹೆಲ್‌ಬಾಯ್ ಒಂದು ಹೆಣಾನ ಬೆನ್ನ ಮೇಲೆ ಹೊತ್ಕೊಂಡು, ಬೆಳಕು ಹರಿಯೋದ್ರೊಳಗೆ ಮಣ್ಣು ಮಾಡೋಕೆ ಜಾಗ ಹುಡುಕ್ತಾ ಅಲೀತಾನೆ. ಹೆಣ ಮಾತೂ ಆಡುತ್ತೆ! ಮೊದಲ ಸಲ ಓದಿದಾಗ ಅಜ್ಜಿ ಹೇಳ್ತಿದ್ದ ಬೇತಾಳನ ಕಥೆ ನೆನಪಾಗಿ ಮೈ ಜುಂ ಅಂದಿತ್ತು. ಎಲ್ಲಿಯ ಐರ್ಲೆಂಡು, ಎಲ್ಲಿಯ ವಿಕ್ರಮ!

ಅಕ್ಕನ ಮಗಳು ಚಿತ್ರಕಲೆ ಓದ್ತಿದ್ದಾಳೆ. ‘ನಾಳೆ ಬಾ’ ದೆವ್ವದ ಮೇಲೆ 24 ಪುಟದ ಕನ್ನಡ ಕಾಮಿಕ್ಸ್ ಮಾಡ್ತಿದ್ದಾಳೆ, ರಾತ್ರಿಯೆಲ್ಲ ಕೂತು. ಹೆಲ್‌ಬಾಯ್ ಸೃಷ್ಟಿಸಿದ ಕಲಾವಿದ ಮೈಕ್ ಮಿನ್ಯೋಲ ಅರ್ಧ ಮುಖವನ್ನೇ ಕಪ್ಪಲ್ಲಿ ಮುಳುಗಿಸಿಬಿಡ್ತಾರಲ್ಲ, ಆ ನೆರಳಿನ ಲೆಕ್ಕ ಕಾಗದದ ಮೇಲೆ ನೋಡಿದ್ರೇನೇ ಅವಳಿಗೆ ಹಿಡಿತಕ್ಕೆ ಸಿಗೋದು. ಮೊಬೈಲಲ್ಲಿ ತೋರಿಸಿ ಸಾಕಾಯ್ತು.

ಇನ್ನೊಂದು ವಿನಂತಿ. ನಿಮ್ಮೂರಲ್ಲಿ ಹಳೇ ಬಾಗಿಲ ಮೇಲೆ ‘ನಾಳೆ ಬಾ’ ಬರಹ ಇನ್ನೂ ಉಳಿದಿದ್ರೆ ಒಂದು ಫೋಟೋ ಕಳಿಸಿ. ಆ ದೆವ್ವ ಯಾರ ದನಿಯಲ್ಲಿ ಕೂಗ್ತಿತ್ತು, ಅಮ್ಮನದಾ, ಗಂಡನದಾ, ಮನೇಲಿರೋ ಹಿರಿಯರನ್ನ ಕೇಳಿ ಬರೀರಿ, ಪ್ಲೀಸ್.

ನಾನಿರೋದು ಸರಸ್ವತಿಪುರಂನಲ್ಲಿ. ಪುಸ್ತಕಕ್ಕೆ ಶ್ರೀರಂಗಪಟ್ಟಣ, ಮದ್ದೂರು ಎಲ್ಲಿಗಾದ್ರೂ ನಾನೇ ಬರ್ತೀನಿ. ಇನ್‌ಬಾಕ್ಸ್ ಮಾಡಿ.